ಸಂಬಳ ನಿಂತ ದಿನ ಯಾವ ದೇಶ ಮೇಲು?

ಮಾನ್ಯ ಸಂಪಾದಕರೇ,

ಕಾರ್ಮಿಕರ ಹಕ್ಕುಗಳನ್ನು ಯಾವ ದೇಶ ಎಷ್ಟು ಕಾಯುತ್ತದೆ ಎಂಬ ಜಾಗತಿಕ ಸೂಚ್ಯಂಕ ಪ್ರತಿ ವರ್ಷ ಜೂನ್ ಹೊತ್ತಿಗೆ ಹೊರಬೀಳುತ್ತದೆ. ಭಾರತಕ್ಕೆ ಕಳಪೆ ಅಂಕ ಎಂದು ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಉತ್ತರ ಕನ್ನಡದವರಿಗೆ ಈ ಸುದ್ದಿ ಅಷ್ಟಕ್ಕೇ ಬಿಡುವಂಥದ್ದಲ್ಲ. ಭಟ್ಕಳ, ಹೊನ್ನಾವರದಿಂದ ದುಬೈ, ದೋಹಾ, ರಿಯಾದ್‌ಗೆ ದುಡಿಯಲು ಹೋಗುವವರು ಇಲ್ಲಿದ್ದಾರೆ. ಕಾರವಾರ, ಅಂಕೋಲಾದಿಂದ ವ್ಯಾಪಾರಿ ಹಡಗು ಹತ್ತುವವರಿದ್ದಾರೆ. ಒಡಿಶಾ, ಜಾರ್ಖಂಡ್‌ನಿಂದ ಬಂದು ಬೈತಖೋಲ್, ತದಡಿ ಬಂದರುಗಳಲ್ಲಿ ಬೋಟಿಗಿಳಿಯುವ ಖಲಾಸಿಗಳೂ ಇದ್ದಾರೆ. ಇವರಿಗೆಲ್ಲ ಆ ಪಟ್ಟಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲು ಈ ಪತ್ರ.

ಆ ಸೂಚ್ಯಂಕವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಗಳ ಒಕ್ಕೂಟ, ಅಂದರೆ ಐಟಿಯುಸಿ, 2014ರಿಂದ ಹೊರತರುತ್ತಿದೆ. 97 ಮಾನದಂಡಗಳಿವೆ. ಒಳ್ಳೆಯ ದೇಶಕ್ಕೆ 1, ಹಕ್ಕಿನ ಖಾತರಿಯೇ ಇಲ್ಲದ ದೇಶಕ್ಕೆ 5, ಆಡಳಿತವೇ ಕುಸಿದ ದೇಶಕ್ಕೆ 5ರ ಮುಂದೆ ಒಂದು ಪ್ಲಸ್. ಜರ್ಮನಿ, ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಆಸ್ಟ್ರಿಯಾದಂಥ ಬೆರಳೆಣಿಕೆಯ ದೇಶಗಳಿಗೆ 1 ಸಿಕ್ಕಿದೆ. ಅಮೆರಿಕಕ್ಕೆ 4. ಭಾರತಕ್ಕೆ 5, ದುಬೈ ಇರುವ ಯುಎಇಗೂ 5.

ಕೊನೆಯ ಆ ಎರಡು ಅಂಕ ನೋಡಿ. ಭಟ್ಕಳದಲ್ಲಿ ಅಂಗಡಿ ಕೆಲಸ ಮಾಡಿದರೂ ದುಬೈನ ದೇರಾದಲ್ಲಿ ಅಂಗಡಿ ಕೆಲಸ ಮಾಡಿದರೂ ಒಂದೇ ಎಂದಾಯಿತು. ಹಾಗಿಲ್ಲ ಎಂಬುದು ಭಟ್ಕಳದ ಹುಡುಗರಿಗೇ ಗೊತ್ತು. ಸೂಚ್ಯಂಕ ಸುಳ್ಳು ಹೇಳುತ್ತಿಲ್ಲ. ಅದು ಮುಖ್ಯವಾಗಿ ಅಳೆಯುವುದು ಮೂರು ಸಂಗತಿಗಳನ್ನು: ಸಂಘ ಕಟ್ಟುವ ಹಕ್ಕು, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು, ಮುಷ್ಕರದ ಹಕ್ಕು. ಸಂಬಳ ಹೊತ್ತಿಗೆ ಬರುತ್ತದೋ ಇಲ್ಲವೋ, ಓವರ್‌ಟೈಮ್ ದರ ಎಷ್ಟು, ದೂರು ಕೊಟ್ಟರೆ ಎಷ್ಟು ದಿನಕ್ಕೆ ತೀರ್ಮಾನ, ಇವೆಲ್ಲ ಅದರ ತಕ್ಕಡಿಗೆ ಬರುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದಗಳಿಗೆ ಯಾರು ಸಹಿ ಹಾಕಿದ್ದಾರೆ ಎಂದು ನೋಡುವುದು ಇನ್ನೊಂದು ರೂಢಿ. ಅದೂ ದಾರಿ ತಪ್ಪಿಸುತ್ತದೆ. ಮೂಲಭೂತ ಎನಿಸಿಕೊಂಡ ಹಳೆಯ ಎಂಟು ಒಪ್ಪಂದಗಳಲ್ಲಿ ಭಾರತ ಆರಕ್ಕೆ ಒಪ್ಪಿದೆ. ಸಂಘ ಕಟ್ಟುವ ಹಕ್ಕಿನ 87ನೇ ಮತ್ತು ಸಾಮೂಹಿಕ ಚೌಕಾಸಿಯ 98ನೇ ಒಪ್ಪಂದಗಳನ್ನು ಒಪ್ಪಿಲ್ಲ. ಯುಎಇ ಒಪ್ಪಿರುವುದೂ ಸರಿಯಾಗಿ ಅವೇ ಆರು, ಬಿಟ್ಟಿರುವುದೂ ಅವೇ ಎರಡು. ಅಮೆರಿಕ ಒಪ್ಪಿರುವುದು ಎರಡೇ. ಕುವೈತ್ 87ನ್ನು 1961ರಲ್ಲೇ ಒಪ್ಪಿಕೊಂಡಿದೆ! ಹಾಗೆಂದು ಕುವೈತ್‌ನಲ್ಲಿ ಮನೆಗೆಲಸಕ್ಕೆ ಹೋದ ಹೆಂಗಸಿಗೆ ಅಮೆರಿಕದ ಕಾರ್ಮಿಕನಿಗಿಂತ ಹೆಚ್ಚು ರಕ್ಷಣೆ ಇದೆ ಎಂದು ಯಾರೂ ಹೇಳಲಾರರು.

ನಮ್ಮ ಪ್ರಕಾರ ದೇಶಗಳನ್ನು ಹೋಲಿಸಲು ಒಂದೇ ಪ್ರಶ್ನೆ ಸಾಕು. ಸಂಬಳ ನಿಂತಿತು, ಅಥವಾ ಕೆಲಸದಿಂದ ತೆಗೆದರು. ಆ ದಿನದಿಂದ ಮುಂದೆ ಕಾನೂನು ಏನು ಮಾಡುತ್ತದೆ? ಯಾವ ಕಚೇರಿಗೆ ಹೋಗಬೇಕು, ಎಷ್ಟು ದಿನದ ಒಳಗೆ, ಸಾಕ್ಷ್ಯ ಒದಗಿಸಬೇಕಾದವರು ಯಾರು, ಮಾಲೀಕ ದಿವಾಳಿಯಾದರೆ ಹಣ ಎಲ್ಲಿಂದ, ಅಲ್ಲಿಯತನಕ ಆ ದೇಶದಲ್ಲಿ ಉಳಿಯಲು ಬಿಡುತ್ತಾರೋ ಇಲ್ಲವೋ.

ಯುಎಇಯಿಂದಲೇ ಶುರು ಮಾಡೋಣ. 2021ರ 33ನೇ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಪ್ರೊಬೇಶನ್ ಆರು ತಿಂಗಳು ಮೀರುವಂತಿಲ್ಲ, ವರ್ಷಕ್ಕೆ 30 ದಿನ ರಜೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ, ನೇಮಕಾತಿಯ ಖರ್ಚು ಕೆಲಸಗಾರನ ಮೇಲೆ ಹಾಕುವಂತಿಲ್ಲ. 2009ರಿಂದ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ಇದೆ, ಅದನ್ನು ಡಬ್ಲ್ಯುಪಿಎಸ್ ಎನ್ನುತ್ತಾರೆ. ಹಣ ಬಾರದಿದ್ದರೆ ಕೆಲಸಗಾರ ಬಾಯಿ ಬಿಡುವ ಮೊದಲೇ ಕಾರ್ಮಿಕ ಸಚಿವಾಲಯದ ಕಂಪ್ಯೂಟರಿಗೆ ಗೊತ್ತಾಗುತ್ತದೆ, ಆ ಕಂಪನಿಗೆ ಹೊಸ ಪರ್ಮಿಟ್ ಕೊಡುವುದು ನಿಲ್ಲುತ್ತದೆ. ದೂರು ಕೊಡಲು 80084ಕ್ಕೆ ಫೋನ್ ಮಾಡಿದರೆ ಸಾಕು, ವಕೀಲ ಬೇಡ. 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಮ್‌ವರೆಗಿನ ದಾವೆಗೆ ಕೋರ್ಟ್ ಶುಲ್ಕವಿಲ್ಲ. ದಾವೆ ಹೂಡುವ ಗಡುವು ಮೊದಲು ಒಂದು ವರ್ಷವಿತ್ತು; 2024ರ ತಿದ್ದುಪಡಿಯ ನಂತರ ಕೆಲಸ ಮುಗಿದ ದಿನದಿಂದ ಎರಡು ವರ್ಷ.

ಇಷ್ಟೆಲ್ಲ ಇದ್ದೂ ನಮ್ಮವರು ಬರಿಗೈಲಿ ಬರುವುದು ಹೇಗೆ? ಹೆಚ್ಚಿನ ಪ್ರಕರಣಗಳಲ್ಲಿ ಎಡವಟ್ಟಾಗುವುದು ನಾಲ್ಕೈದು ಜಾಗಗಳಲ್ಲಿ ಮಾತ್ರ.

ಮೊದಲನೆಯದು ಬೇಸಿಕ್ ಸಂಬಳ. ಏಜೆಂಟ್ ಹೇಳುವುದು ಒಟ್ಟು 2,000 ದಿರ್ಹಮ್ ಎಂದು. ಕರಾರಿನಲ್ಲಿ ಬೇಸಿಕ್ 800, ಉಳಿದದ್ದು ಮನೆ ಬಾಡಿಗೆ, ಓಡಾಟ ಎಂದು ಒಡೆದು ಹಾಕಿರುತ್ತಾರೆ. ತಿಂಗಳು ತಿಂಗಳು ಕೈಗೆ ಬರುವಾಗ ವ್ಯತ್ಯಾಸ ತಿಳಿಯುವುದಿಲ್ಲ. ಗ್ರಾಚ್ಯುಯಿಟಿ ಲೆಕ್ಕ ಮಾತ್ರ ಬೇಸಿಕ್ ಮೇಲೆ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್, ಆ ಮೇಲೆ ವರ್ಷಕ್ಕೆ 30 ದಿನದ್ದು. ಬೇಸಿಕ್ 800 ಇದ್ದವನಿಗೆ ವರ್ಷಕ್ಕೆ 560, ನಾಲ್ಕು ವರ್ಷಕ್ಕೆ 2,240 ದಿರ್ಹಮ್. ಅದೇ 2,000ದಲ್ಲಿ ಬೇಸಿಕ್ 1,500 ಎಂದು ಬರೆಸಿಕೊಂಡಿದ್ದರೆ 4,200. ಓವರ್‌ಟೈಮ್‌ಗೂ ಬೇಸಿಕ್ಕೇ ಆಧಾರ. ಹಗಲಿನ ಓವರ್‌ಟೈಮ್‌ಗೆ ಶೇ 25, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಶೇ 50 ಹೆಚ್ಚುವರಿ. ಭಾರತದ ಹೊಸ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು; ಈ ಚಾಲಾಕಿಗೆ ಇಲ್ಲಿ ಬಾಗಿಲು ಹಾಕಿದೆ. ಅಲ್ಲಿ ಅಂಥ ನಿಯಮವಿಲ್ಲ. ಆದ್ದರಿಂದ ಆಫರ್ ಲೆಟರ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಒಟ್ಟು ಮೊತ್ತವನ್ನಲ್ಲ, ಬೇಸಿಕ್ ಎದುರಿಗಿನ ಅಂಕೆಯನ್ನು.

ಆ ಆಫರ್ ಲೆಟರ್ ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನ ಭಾಷೆಯಲ್ಲೂ ಇರಬೇಕೆಂಬ ನಿಯಮವಿದೆ. ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ, ನೇಪಾಳಿ ಎಲ್ಲ ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ. ಇದಕ್ಕಾಗಿ ನಮ್ಮ ಸಂಸದರು ಒಮ್ಮೆ ಬಾಯಿ ತೆರೆದಿದ್ದರೆ ಚೆನ್ನಾಗಿತ್ತು.

ಎರಡನೆಯದು ವಿಸಿಟ್ ವೀಸಾ. 'ಮೊದಲು ಹೋಗು, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸೋಣ' ಎಂದು ಏಜೆಂಟ್ ಹೇಳಿದ ಕ್ಷಣವೇ ಮೇಲೆ ಹೇಳಿದ ರಕ್ಷಣೆಗಳಲ್ಲಿ ಬಹುಪಾಲು ಹೋಯಿತು. ನೋಂದಾಯಿತ ಕರಾರಿಲ್ಲ, ಡಬ್ಲ್ಯುಪಿಎಸ್ ಇಲ್ಲ, ವಲಸೆ ಹೋಗುವವರಿಗಾಗಿ ಇಲ್ಲಿನ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲೆಯೂ ಇಲ್ಲ. ಪರ್ಮಿಟ್ ಇಲ್ಲದೆ ದುಡಿಸಿಕೊಂಡ ಮಾಲೀಕನಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ದಂಡ ಎಂದು ಅಲ್ಲಿನ ಕಾನೂನು ಬಿಗಿ ಮಾಡಿದೆ, ನಿಜ. ಆದರೆ ದೂರು ಕೊಡಲು ಹೋದವನೇ ವೀಸಾ ನಿಯಮ ಮುರಿದವನಾಗಿ ನಿಂತಿರುತ್ತಾನೆ.

ಬ್ಯಾಂಕಿನ ಹಣವೂ ಕೆಲವೊಮ್ಮೆ ನಾಟಕವೇ. ಸಂಬಳ ಖಾತೆಗೆ ಬೀಳುತ್ತದೆ, ಕಾರ್ಡು ಕಂಪನಿಯ ಮ್ಯಾನೇಜರ್ ಹತ್ತಿರ ಇರುತ್ತದೆ. ಕಾರ್ಡು ಮತ್ತು ಪಿನ್ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಸಂಬಳ ಬಂದಿಲ್ಲ ಎಂದು ಸಾಬೀತು ಮಾಡುವುದು ಬಹಳ ಕಷ್ಟ, ಏಕೆಂದರೆ ದಾಖಲೆ 'ಬಂದಿದೆ' ಎನ್ನುತ್ತದೆ.

ಕೊನೆಯದಾಗಿ ಸಹಿ. ವೀಸಾ ರದ್ದು ಮಾಡುವ ಕಾಗದದಲ್ಲಿ 'ನನಗೆ ಬರಬೇಕಾದ ಎಲ್ಲ ಬಾಕಿ ಬಂದಿದೆ' ಎಂಬ ಸಾಲು ಇರುತ್ತದೆ. ಊರಿಗೆ ಹೋಗುವ ಆತುರದಲ್ಲಿ ಸಹಿ ಹಾಕಿ, ಹಣ ಆಮೇಲೆ ಬ್ಯಾಂಕಿಗೆ ಕಳಿಸುತ್ತೇವೆ ಎಂಬ ಮಾತು ನಂಬಿ ವಿಮಾನ ಹತ್ತುತ್ತಾರೆ. ಊರಿಗೆ ಬಂದ ಮೇಲೆ ಕೇಸು ನಡೆಸಬೇಕಾದರೆ ಅಲ್ಲಿರುವ ಯಾರಿಗಾದರೂ ಮುಖ್ತ್ಯಾರ್‌ ಪತ್ರ ಕೊಡಬೇಕು. ಅದಕ್ಕೆ ನೋಟರಿ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಯ ಮುದ್ರೆಗಳು, ಅರಬ್ಬಿ ಅನುವಾದ ಎಲ್ಲ ಬೇಕು. ಮೂರು ಸಾವಿರ ದಿರ್ಹಮ್ ಬಾಕಿಗೆ ಅಷ್ಟು ಓಡಾಡುವವರು ಯಾರು? ಮಾಲೀಕರು ಲೆಕ್ಕ ಹಾಕುವುದೂ ಅದನ್ನೇ. ದೂರು ಅಲ್ಲಿದ್ದಾಗಲೇ ಕೊಡಬೇಕು, ದೂರಿನ ನಂಬರ್ ಮನೆಯವರ ವಾಟ್ಸ್ಆ್ಯಪ್‌ಗೆ ಕಳಿಸಿಡಬೇಕು. ಸಂಬಳ ಸಿಗದೆ ಬೇರೆ ಕಡೆ ಹೋದವನ ಮೇಲೆ 'ಓಡಿಹೋಗಿದ್ದಾನೆ' ಎಂದು ಮಾಲೀಕ ವರದಿ ಮಾಡುವುದು ಕೊಲ್ಲಿಯಲ್ಲಿ ಹಳೆಯ ತಂತ್ರ. ಅವನಿಗಿಂತ ಮೊದಲು ನಿಮ್ಮ ದೂರು ದಾಖಲಾಗಿದ್ದರೆ ಆ ವರದಿಯ ಬಲ ಕುಗ್ಗುತ್ತದೆ.

ಪಕ್ಕದ ದೇಶಗಳು ಒಂದರಂತೆ ಒಂದಿಲ್ಲ. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ದೇಶದವರು, ಹೊರಗಿನವರು, ಮನೆಗೆಲಸದವರು ಎಂಬ ಭೇದವಿಲ್ಲದೆ ಕನಿಷ್ಠ ವೇತನ 1,000 ರಿಯಾಲ್. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಿಸಬೇಕು. ಕಂಪನಿ ಕೈ ಎತ್ತಿದರೆ ಕೊಡಲೆಂದು ಕಾರ್ಮಿಕರ ಬೆಂಬಲ ನಿಧಿ ಇದೆ. ಸೌದಿಯಲ್ಲಿ 2021ರ ಮಾರ್ಚ್ 14ರ ಸುಧಾರಣೆಯ ನಂತರ ಕಫೀಲನ, ಅಂದರೆ ವೀಸಾ ಕೊಡಿಸಿದ ಮಾಲೀಕನ, ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು, ಊರಿಗೆ ಬಂದು ಹೋಗಬಹುದು. ಆದರೆ ಮನೆಗೆಲಸದವರು, ಮನೆ ಡ್ರೈವರ್‌ಗಳು, ತೋಟದ ಕೆಲಸದವರು ಆ ಸುಧಾರಣೆಯ ಹೊರಗೆ. ಸೌದಿಯಲ್ಲಿ ಇನ್ನೊಂದು ಪೇಚಿದೆ. ಎರಡು ವರ್ಷ ತುಂಬುವ ಮೊದಲು ತಾನಾಗಿ ರಾಜೀನಾಮೆ ಕೊಟ್ಟರೆ ಸೇವಾಂತ್ಯದ ಹಣ ಒಂದು ರಿಯಾಲೂ ಇಲ್ಲ. ಎರಡರಿಂದ ಐದು ವರ್ಷದೊಳಗೆ ಮೂರರಲ್ಲಿ ಒಂದು ಪಾಲು, ಐದರಿಂದ ಹತ್ತರೊಳಗೆ ಮೂರರಲ್ಲಿ ಎರಡು ಪಾಲು, ಪೂರ್ತಿ ಸಿಗುವುದು ಹತ್ತು ವರ್ಷದ ನಂತರ. ರಾಜೀನಾಮೆ ಬರೆದುಕೊಡು ಎಂದು ಒತ್ತಾಯಿಸುವುದು ಈ ಕಾರಣಕ್ಕೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಲೇಬೇಕು. ಯುಎಇ, ಸೌದಿಗಳಲ್ಲಿ ಕಾರ್ಮಿಕ ಸಂಘ ಕಟ್ಟುವಂತಿಲ್ಲ. ಸಂಬಳದ ತಕರಾರು ಒಬ್ಬೊಬ್ಬನದಾಗಿ ಪರಿಹಾರವಾಗುತ್ತದೆಯೇ ಹೊರತು ಸಂಬಳ ಹೆಚ್ಚಿಸಿ ಎಂದು ಇಪ್ಪತ್ತು ಜನ ಸೇರಿ ಕೇಳುವ ದಾರಿಯಿಲ್ಲ. 5 ಅಂಕ ಸಿಕ್ಕಿರುವುದು ಅದಕ್ಕೆ, ಅದು ನ್ಯಾಯವೇ.

ಇನ್ನು 1 ಅಂಕದ ದೇಶಗಳು. ಇತ್ತೀಚೆಗೆ ಶಿರಸಿ, ಕುಮಟಾ ಕಡೆಯ ನರ್ಸಿಂಗ್, ಎಂಜಿನಿಯರಿಂಗ್ ಓದಿದವರು ಜರ್ಮನ್ ಕಲಿಯುತ್ತಿರುವುದರಿಂದ ಜರ್ಮನಿಯ ಮಾತು ಸ್ವಲ್ಪ ವಿವರವಾಗಿ. ಅಲ್ಲಿ ಓವರ್‌ಟೈಮ್‌ಗೆ ಇಷ್ಟು ಹೆಚ್ಚುವರಿ ಕೊಡಲೇಬೇಕೆಂದು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದರೆ ಹಲವರು ನಂಬುವುದಿಲ್ಲ. ಅದೆಲ್ಲ ಸಂಘದ ಒಪ್ಪಂದಗಳಲ್ಲಿ ಇರುತ್ತದೆ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ, ಕಾರಣ ಅದೇ. ಅಂದರೆ ಈ ದೇಶಗಳಲ್ಲಿ ಕಾನೂನು ಪುಸ್ತಕಕ್ಕಿಂತ ನಿಮ್ಮ ಆಸ್ಪತ್ರೆ ಅಥವಾ ಕಾರ್ಖಾನೆ ಯಾವ ಸಂಘದ ಒಪ್ಪಂದಕ್ಕೆ ಒಳಪಟ್ಟಿದೆ ಎಂಬುದು ಮುಖ್ಯ. ಕೆಲಸಕ್ಕೆ ಸೇರುವ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ.

ಜರ್ಮನಿಯಲ್ಲಿ ಕೆಲಸದಿಂದ ತೆಗೆಯುವ ನೋಟಿಸ್ ಕಾಗದದಲ್ಲಿ, ಶಾಯಿಯ ಸಹಿಯೊಂದಿಗೆ ಇರಲೇಬೇಕು. ಇ-ಮೇಲ್, ವಾಟ್ಸ್ಆ್ಯಪ್‌ನಲ್ಲಿ ಬಂದ ನೋಟಿಸ್ ಕಾನೂನಿನ ಕಣ್ಣಲ್ಲಿ ನೋಟಿಸೇ ಅಲ್ಲ. ಆದರೆ ಕಾಗದ ಕೈಗೆ ಬಂದ ದಿನದಿಂದ ಮೂರು ವಾರದ ಒಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ ಎಷ್ಟೇ ಅನ್ಯಾಯದ ವಜಾ ಆಗಿರಲಿ, ಅದು ಊರ್ಜಿತವಾಗಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಗಡುವು 21 ದಿನ. ಊರಿಗೆ ಫೋನ್ ಮಾಡಿ, ಅಣ್ಣನನ್ನು ಕೇಳಿ, ವಕೀಲರನ್ನು ಹುಡುಕಿ ಎನ್ನುವಷ್ಟರಲ್ಲಿ ಮುಗಿದುಹೋಗುವ ಗಡುವು ಇದು. ಜರ್ಮನಿಯಲ್ಲಿ ಮೊದಲ ಹಂತದ ನ್ಯಾಯಾಲಯದಲ್ಲಿ ಸೋತರೂ ಎದುರಾಳಿಯ ವಕೀಲರ ಖರ್ಚು ಕೊಡಬೇಕಾಗಿಲ್ಲ, ಹಾಗಾಗಿ ಹೆದರಿ ಕೂರುವ ಅಗತ್ಯವಿಲ್ಲ. ಕಂಪನಿ ದಿವಾಳಿಯಾದರೆ ಹಿಂದಿನ ಮೂರು ತಿಂಗಳ ಸಂಬಳವನ್ನು ಸರ್ಕಾರಿ ಉದ್ಯೋಗ ಸಂಸ್ಥೆ ಕೊಡುತ್ತದೆ. ಭಾರತದಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ.

ಅಮೆರಿಕದ ವಿಷಯ ಎರಡೇ ಮಾತಿನಲ್ಲಿ ಹೇಳಬಹುದು. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ 1938ರ ಕಾನೂನಿನಡಿ ಇದೆ. ಕೇಂದ್ರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್‌ನಲ್ಲಿ 2009ರಿಂದ ಅಲ್ಲಾಡಿಲ್ಲ. ಕಾರಣ ಕೊಡದೆ ತೆಗೆಯಬಹುದು, ಎಚ್-1ಬಿ ಕೆಲಸದ ವೀಸಾ ಇದ್ದವರಿಗೆ ಕೆಲಸ ಹೋದ ಮೇಲೆ ಹೊಸ ಮಾಲೀಕರನ್ನು ಹುಡುಕಲು ಸಿಗುವುದು 60 ದಿನ.

ನಮ್ಮ ದೇಶಕ್ಕೆ ಬರೋಣ. 29 ಹಳೆಯ ಕಾನೂನುಗಳನ್ನು ಸೇರಿಸಿ ಮಾಡಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕಾಗದದ ಮೇಲೆ ಕೆಲವು ವಿಷಯಗಳಲ್ಲಿ ನಾವು ಜರ್ಮನಿ, ಯುಎಇಗಳಿಗಿಂತ ಮೇಲೆ. ಓವರ್‌ಟೈಮ್‌ಗೆ ಎರಡು ಪಟ್ಟು ವೇತನ. ಕೆಲಸ ಬಿಟ್ಟರೂ ತೆಗೆದರೂ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು. ದೂರು ಕೊಡಲು ಮೂರು ವರ್ಷ ಸಮಯ. ಎಲ್ಲಕ್ಕಿಂತ ಮುಖ್ಯವಾದದ್ದು, ಸಂಬಳ ಕೊಟ್ಟಿಲ್ಲ ಎಂದು ಕೆಲಸಗಾರ ಹೇಳಿದರೆ, ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದು. ವೇತನ ಸಂಹಿತೆಯ 59ನೇ ಕಲಮು ಇದು. ಅರ್ಜಿ ಬರೆಯುವಾಗ ಈ ಕಲಮಿನ ಸಂಖ್ಯೆ ಹಾಕಿ ಎಂದು ಎಲ್ಲರಿಗೂ ಹೇಳುತ್ತೇವೆ. ಕೊಡದೆ ಇಟ್ಟುಕೊಂಡ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ದೂರು ಕೇಳುವ ಅಧಿಕಾರಿಗಿದೆ, ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದೂ ಇದೆ.

ಹಾಗಿದ್ದರೆ 5 ಅಂಕ ಏಕೆ? ಮುಷ್ಕರಕ್ಕೆ ಈಗ ಎಲ್ಲ ಉದ್ಯಮಗಳಲ್ಲೂ 14 ದಿನದ ನೋಟಿಸ್ ಬೇಕು, ರಾಜಿ ಮಾತುಕತೆ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ಹಾಗಾಗಿ ಕಾನೂನುಬದ್ಧ ಮುಷ್ಕರಕ್ಕೆ ಉಳಿದ ಕಿಂಡಿ ಬಹಳ ಸಣ್ಣದು. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಡ. ನಮ್ಮ ಜಿಲ್ಲೆಯಲ್ಲಿ 300 ದಾಟುವ ಘಟಕಗಳು ಎಷ್ಟಿವೆ ಎಂದು ಕೈಬೆರಳಲ್ಲಿ ಎಣಿಸಬಹುದು. ಇನ್‌ಸ್ಪೆಕ್ಟರ್ ಈಗ 'ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್'. ಹೆಸರು ಉದ್ದವಾಯಿತು, ಹುದ್ದೆಗಳ ಸಂಖ್ಯೆ ಹೆಚ್ಚಿದ್ದನ್ನು ಮಾತ್ರ ನಾವು ಕಂಡಿಲ್ಲ. ಭಟ್ಕಳದವನು ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ ನೂರು ಕಿಲೋಮೀಟರ್‌ಗೂ ಮಿಕ್ಕಿ ದಾರಿ, ಒಂದು ದಿನದ ಕೂಲಿ ಖೋತಾ. ದುಬೈನಲ್ಲಿ ಫೋನ್‌ನಲ್ಲಿ ಆಗುವ ಕೆಲಸಕ್ಕೆ ಇಲ್ಲಿ ನಾಲ್ಕು ಸಲ ಬಸ್ ಹತ್ತಬೇಕು. ಅಂಕಗಳ ಪಟ್ಟಿಯಲ್ಲಿ ಕಾಣದ ವ್ಯತ್ಯಾಸ ಇದೇ.

ಈ ಕರಾವಳಿಗೆ ಹತ್ತಿರದ ಹೋಲಿಕೆ ಸಮುದ್ರದ್ದು. ಅಲ್ಲಿ ದೇಶದೇಶದ ನಡುವಿನ ಅಂತರ ಬಟಾಬಯಲಾಗುತ್ತದೆ.

ವ್ಯಾಪಾರಿ ಹಡಗಿನ ನಾವಿಕರಿಗೆ 2006ರ ಕಡಲ ಕಾರ್ಮಿಕ ಒಪ್ಪಂದವಿದೆ, ಎಂಎಲ್‌ಸಿ ಎಂದೇ ಎಲ್ಲರೂ ಕರೆಯುವುದು. ಭಾರತ 2015ರಲ್ಲಿ ಒಪ್ಪಿಕೊಂಡಿತು. ಎರಡು ತಿಂಗಳು ಸಂಬಳ ಕೊಡದಿದ್ದರೆ ಹಡಗು ನಾವಿಕರನ್ನು ಕೈಬಿಟ್ಟಿದೆ ಎಂದೇ ಲೆಕ್ಕ. ಆಗ ವಿಮೆಯಿಂದ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ಊರಿಗೆ ಬರುವ ಖರ್ಚು ಸಿಗಬೇಕು. ಆ ವಿಮೆಯ ಪ್ರಮಾಣಪತ್ರ ಹಡಗಿನಲ್ಲಿ ಕಾಣುವಂತೆ ಅಂಟಿಸಿರಬೇಕು. ಹತ್ತಿದ ದಿನವೇ ಅದರ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಏಜೆಂಟ್ ಬಳಿ ಶಿಪ್ಪಿಂಗ್ ಮಹಾನಿರ್ದೇಶನಾಲಯ ಕೊಟ್ಟ ನೇಮಕಾತಿ ಪರವಾನಗಿಯ, ಅಂದರೆ ಆರ್‌ಪಿಎಸ್‌ಎಲ್ ನಂಬರ್ ಇರಬೇಕು. ಕೆಲಸ ಕೊಡಿಸಲು ಹಣ ಕೇಳುವವನು, ಪ್ರವಾಸಿ ವೀಸಾದಲ್ಲಿ ಕೊಲ್ಲಿಯ ಯಾವುದೋ ಸಣ್ಣ ಬಂದರಿಗೆ ಕಳಿಸುವವನು ಆ ನಂಬರ್ ಇಲ್ಲದವನೇ. ಹಡಗು ಯಾವ ದೇಶದ ಬಾವುಟದ್ದು ಎಂಬುದನ್ನೂ ನೋಡಬೇಕು, ಏಕೆಂದರೆ ನಾವಿಕನಿಗೆ ಅನ್ವಯಿಸುವುದು ಬಾವುಟದ ದೇಶದ ಕಾನೂನು.

ಆದರೆ ಎಂಎಲ್‌ಸಿ ಮೀನುಗಾರಿಕೆ ಬೋಟುಗಳಿಗೆ ಅನ್ವಯಿಸುವುದಿಲ್ಲ. ಧೋ, ಮಂಜಿಯಂಥ ಸಾಂಪ್ರದಾಯಿಕ ಹಡಗುಗಳಿಗೂ ಇಲ್ಲ. ಮೀನುಗಾರಿಕೆಗೆಂದೇ 188ನೇ ಒಪ್ಪಂದ 2007ರಲ್ಲಿ ಬಂತು, 2017ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಭಾರತ ಇನ್ನೂ ಒಪ್ಪಿಲ್ಲ. ಏಷ್ಯಾದಲ್ಲಿ ಮೊದಲು ಒಪ್ಪಿದ್ದು ಥಾಯ್ಲೆಂಡ್, 2019ರ ಜನವರಿಯಲ್ಲಿ. ಅವರೇನೂ ಪುಣ್ಯಕ್ಕೆ ಒಪ್ಪಿದ್ದಲ್ಲ. ಬೋಟುಗಳಲ್ಲಿ ಬರ್ಮಾ, ಕಾಂಬೋಡಿಯಾದ ಕೂಲಿಗಳನ್ನು ಜೀತಕ್ಕಿಟ್ಟಿದ್ದ ಸುದ್ದಿಗಳು ಜಗತ್ತಿಗೆಲ್ಲ ಹಬ್ಬಿದ್ದವು, 2015ರಲ್ಲಿ ಯುರೋಪ್ ಒಕ್ಕೂಟ ಅಕ್ರಮ ಮೀನುಗಾರಿಕೆಯ ಕಾರಣಕ್ಕೆ ಹಳದಿ ಕಾರ್ಡ್ ತೋರಿಸಿತ್ತು. ರಫ್ತು ನಿಲ್ಲುವ ಭಯ ಬಂದ ಮೇಲೆ ಬಂದರಿನಲ್ಲೇ ಬೋಟು ಹೊರಡುವಾಗ, ಬರುವಾಗ ಕಾರ್ಮಿಕರ ತಪಾಸಣೆ, ಲಿಖಿತ ಕರಾರು, ಬ್ಯಾಂಕ್ ಮೂಲಕ ತಿಂಗಳ ಸಂಬಳ ಎಲ್ಲ ಬಂದವು. ಅಷ್ಟಾದರೂ ವಲಸೆ ಕಾರ್ಮಿಕರು ಅಲ್ಲಿ ತಮ್ಮದೇ ಸಂಘ ಕಟ್ಟುವಂತಿಲ್ಲ.

188ರಲ್ಲಿ ನಮ್ಮ ಬಂದರಿಗೆ ಹೊಲಿಸಿದಂತಿರುವ ಒಂದು ಅಂಶವಿದೆ. ಮೀನುಗಾರ ಎಂದರೆ ಸಂಬಳಕ್ಕೆ ದುಡಿಯುವವನು ಮಾತ್ರವಲ್ಲ, ಹಿಡಿದ ಮೀನಿನಲ್ಲಿ ಪಾಲಿಗೆ ದುಡಿಯುವವನೂ ಸೇರಿ ಎಂದು ಅದರಲ್ಲಿ ಬಿಡಿಸಿ ಬರೆದಿದೆ. ಇಲ್ಲಿ ಯಾವ ತಕರಾರು ಬಂದರೂ ಮೊದಲು ಕೇಳಿಬರುವ ಮಾತು 'ಅವನು ಕೂಲಿಯವನಲ್ಲ, ಪಾಲಿನವನು' ಎಂಬುದು. ಪಾಲಿನವನು ಎಂದ ಕೂಡಲೇ ಕನಿಷ್ಠ ವೇತನ ಇಲ್ಲ, ಹಾಜರಿ ಇಲ್ಲ, ಅಪಘಾತವಾದರೆ ಮಾಲೀಕನ ಹೊಣೆಯೂ ವಾದದ ವಸ್ತು.

ಪಾಲು ಎಂಬುದು ಹೇಗೆ ಕರಗುತ್ತದೆ ನೋಡಿ. ಲೆಕ್ಕದ ಅನುಕೂಲಕ್ಕೆ ಒಂದು ಟ್ರಿಪ್‌ನ ಮೀನು 2,00,000 ರೂಪಾಯಿಗೆ ಹರಾಜಾಯಿತು ಎಂದಿಟ್ಟುಕೊಳ್ಳಿ. ಡೀಸೆಲ್, ಐಸ್, ರೇಷನ್, ಕಮಿಷನ್ ಸೇರಿ ಖರ್ಚು 1,20,000. ಕೆಲಸಗಾರರ ಪಾಲು ನೂರಕ್ಕೆ ಮೂವತ್ತು ಎಂದು ಮಾತು. ಖರ್ಚು ಕಳೆಯುವ ಮೊದಲು ಲೆಕ್ಕ ಹಾಕಿದರೆ 60,000, ಕಳೆದ ಮೇಲೆ ಹಾಕಿದರೆ 24,000. ಎರಡೂ 'ಮೂವತ್ತು ಪರ್ಸೆಂಟೇ'. ಅದರಲ್ಲಿ ಬೋಟು ನಡೆಸುವ ಮುಖ್ಯಸ್ಥ ತಾಂಡೇಲನಿಗೆ ಹೆಚ್ಚಿನ ಪಾಲು, ಡ್ರೈವರ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಉಳಿದದ್ದು ಖಲಾಸಿಗಳಿಗೆ. ಬಲೆ ಹರಿದಿದ್ದರೆ ರಿಪೇರಿ ಯಾರ ಲೆಕ್ಕಕ್ಕೆ ಎಂಬುದು ಇನ್ನೊಂದು ಜಗಳ. ಕೊನೆಗೆ ಊರಿಂದ ಬರುವಾಗ ಪಡೆದ ಮುಂಗಡ ಮುರಿದುಕೊಳ್ಳುತ್ತಾರೆ. ಲೆಕ್ಕವೆಲ್ಲ ಬರೆದಿರುವುದು ಒಂದೇ ಡೈರಿಯಲ್ಲಿ, ಆ ಡೈರಿ ಮಾಲೀಕನದು, ಭಾಷೆ ಕನ್ನಡ ಅಥವಾ ಕೊಂಕಣಿ. ಒಡಿಶಾದವನು ಅದನ್ನು ಓದುವುದು ಹೇಗೆ? 188ರ ಪ್ರಕಾರ ಕರಾರಿನಲ್ಲಿ ಪಾಲು ಎಷ್ಟು ಎಂಬುದರ ಜೊತೆಗೆ ಅದನ್ನು ಲೆಕ್ಕ ಹಾಕುವ ವಿಧಾನವನ್ನೂ ಬರೆಯಬೇಕು. ಬೋಟು ಮೂರು ದಿನಕ್ಕಿಂತ ಹೆಚ್ಚು ಸಮುದ್ರದಲ್ಲಿದ್ದರೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕು, ಬೋಟಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿಯ ಒಂದು ಪ್ರತಿ ದಡದಲ್ಲಿರಬೇಕು. ಆ ಪಟ್ಟಿಯಿಲ್ಲದಿದ್ದರೆ ಬೋಟು ಮುಳುಗಿದಾಗ ಒಳಗಿದ್ದವರ ಊರು, ವಿಳಾಸ ಹುಡುಕುವುದೇ ದಿನಗಳ ಕೆಲಸ. ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ ರೂಪಾಯಿ ಇದೆ, ಆದರೆ ನೋಂದಣಿ ಇಲ್ಲದ ಹೊರ ರಾಜ್ಯದ ಖಲಾಸಿಗೆ ಅದು ಇದ್ದರೂ ಇಲ್ಲದಂತೆ.

ಮಾಲೀಕರನ್ನು ದೂರಿ ಕೂರುವುದು ನಮ್ಮ ಉದ್ದೇಶವಲ್ಲ. ಮುಂಗಡ ತೆಗೆದುಕೊಂಡು ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬಾರದೆ ಬೋಟು ಕಟ್ಟಿಹಾಕಿದ ಮಾಲೀಕರೂ ಇದ್ದಾರೆ, ಮೀನಿಲ್ಲದ ವರ್ಷ ಸಾಲದ ಕಂತು ಅವರ ತಲೆಯ ಮೇಲೇ ಇರುತ್ತದೆ. ನಾರ್ವೆಯಲ್ಲೂ ಬೋಟಿನವರು ಪಾಲಿಗೇ ದುಡಿಯುತ್ತಾರೆ. ಅಲ್ಲಿ ಮೀನು ಸಿಗದ ಕಾಲಕ್ಕೆ ಮೀನುಗಾರನಿಗೆ ಕನಿಷ್ಠ ಆದಾಯ ಕೊಡುವ ಖಾತರಿ ನಿಧಿ ಇದೆ, ಮೀನಿಗೆ ಕನಿಷ್ಠ ದರ ನಿಗದಿ ಮಾಡುವ ಅಧಿಕಾರ 1938ರ ಕಾನೂನಿನ ಕಾಲದಿಂದಲೂ ಮೀನುಗಾರರದ್ದೇ ಮಾರಾಟ ಸಂಘಗಳಿಗಿದೆ. ಪಾಲಿನ ಪದ್ಧತಿಯೇ ಕೆಟ್ಟದ್ದು ಎನ್ನುವವರು ಅದನ್ನು ಗಮನಿಸಬೇಕು.

ಕಾನೂನು ಯಾರನ್ನು ಹೊರಗಿಟ್ಟಿದೆ ಎಂದು ನೋಡಿದರೆ ಬಹುತೇಕ ದೇಶಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅಮೆರಿಕದ 1935ರ ಕಾರ್ಮಿಕ ಸಂಬಂಧ ಕಾನೂನಿನ ಹೊರಗೆ ಉಳಿದವರು ತೋಟದ ಕೂಲಿಗಳು, ಮನೆಗೆಲಸದವರು. ಸೌದಿ ಹೊರಗಿಟ್ಟದ್ದೂ ಅವರನ್ನೇ. ಶಿರಸಿ, ಸಿದ್ದಾಪುರದ ತೋಟದಲ್ಲಿ ಮರದಿಂದ ಮರಕ್ಕೆ ಜಿಗಿದು ಅಡಿಕೆ ಇಳಿಸುವ ಕೊನೆಗೌಡ ಬಿದ್ದು ಸೊಂಟ ಮುರಿದರೆ ಅವನನ್ನು ಯಾರ ನೌಕರ ಎನ್ನೋಣ? ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರದು.

ಹೊರಡುವವರಿಗೆ ಇನ್ನೆರಡು ವಿಷಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್. ಅವರಿಗೆ ಕೊಲ್ಲಿ ದೇಶಗಳಿಗೆ ಹೋಗಲು ವಲಸೆ ಅನುಮತಿ ಕಡ್ಡಾಯ, ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ 10 ಲಕ್ಷದ ರಕ್ಷಣೆ. ಹತ್ತನೇ ಪಾಸಾದವರಿಗೆ ಇದು ಕಡ್ಡಾಯವಲ್ಲದ್ದರಿಂದ ಓದಿದವರೇ ವಿಮೆಯಿಲ್ಲದೆ ಹೋಗುವ ವಿಚಿತ್ರ ನಡೆದಿದೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿ. ಲಕ್ಷ ಕೇಳುವವನು ರಸೀದಿ ಕೊಡುವುದಿಲ್ಲ. ಏಜೆಂಟನ ಲೈಸೆನ್ಸ್ ನಂಬರ್ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು. ಪತ್ರಿಕೆಗಳೂ ವಿದೇಶಿ ಕೆಲಸದ ಕ್ಲಾಸಿಫೈಡ್ ಜಾಹೀರಾತುಗಳನ್ನು ಲೈಸೆನ್ಸ್ ನಂಬರ್ ಇಲ್ಲದೆ ತೆಗೆದುಕೊಳ್ಳಬಾರದೆಂದು ವಿನಂತಿ.

ಜಿಲ್ಲಾಡಳಿತಕ್ಕೆ ನಮ್ಮ ಕೋರಿಕೆ ಸಣ್ಣದು, 188ಕ್ಕೆ ದೆಹಲಿ ಸಹಿ ಹಾಕುವವರೆಗೆ ಕಾಯಬೇಕಾದ್ದೂ ಅಲ್ಲ. ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಇರುತ್ತದೆ. ಹೊಸ ಹಂಗಾಮಿಗೆ ಖಲಾಸಿಗಳನ್ನು ಮಾತಾಡಿಸುವುದು, ಮುಂಗಡ ಕೊಡುವುದು ಆ ಸುಮಾರಿಗೇ. ಜುಲೈ ಕೊನೆಯ ಎರಡು ವಾರ ಮೀನುಗಾರಿಕೆ ಇಲಾಖೆ ಮತ್ತು ಕಾರ್ಮಿಕ ಇಲಾಖೆ ಸೇರಿ ಬೈತಖೋಲ್, ತದಡಿ, ಹೊನ್ನಾವರ, ಭಟ್ಕಳ ಬಂದರುಗಳಲ್ಲಿ ಒಂದೊಂದು ಮೇಜು ಹಾಕಲಿ. ಒಂದೇ ಪುಟದ ಕರಾರು, ಒಂದು ಬದಿ ಕನ್ನಡ, ಇನ್ನೊಂದು ಬದಿ ಒಡಿಯಾ ಅಥವಾ ಹಿಂದಿ: ಪಾಲು ಎಷ್ಟು, ಡೀಸೆಲ್ ಕಳೆಯುವ ಮೊದಲೋ ಆಮೇಲೋ, ಬಲೆ ರಿಪೇರಿ ಯಾರದು, ಮುಂಗಡ ಎಷ್ಟು, ಟ್ರಿಪ್‌ಗೆ ಎಷ್ಟು ಮುರಿಯುವುದು, ಮನೆಯವರ ಫೋನ್ ನಂಬರ್. ಒಂದು ಪ್ರತಿ ಮಾಲೀಕನಿಗೆ, ಒಂದು ಖಲಾಸಿಗೆ, ಒಂದು ಬಂದರು ಕಚೇರಿಗೆ. ವಿಮೆಯ ನೋಂದಣಿಯೂ ಅದೇ ಮೇಜಿನಲ್ಲಿ ಆಗಲಿ. ಆಗಸ್ಟ್ 1ರಂದು ಬೋಟಿಗೆ ಡೀಸೆಲ್ ತುಂಬಿಸುವ ಮೊದಲು ಆ ಕಾಗದ ತೋರಿಸಬೇಕೆಂಬ ಒಂದು ಷರತ್ತು ಸಾಕು. ಸಬ್ಸಿಡಿ ಡೀಸೆಲ್‌ಗೆ ಪಾಸ್‌ಬುಕ್ ತೋರಿಸುವ ಅಭ್ಯಾಸ ಎಲ್ಲರಿಗೂ ಇದ್ದೇ ಇದೆ.

ಇಂತಿ,
ಕಾರ್ಮಿಕ ಕಾನೂನು ವಕೀಲರಿಬ್ಬರು,
ಕಾರವಾರ